ಪರದೆಯೊಳಗಿನ ಕಾಲೇಜು: ಸೇತುವೆಯೋ, ಗೋಡೆಯೋ?

(ಬಸವನ ಬಾಗೇವಾಡಿಯಲ್ಲಿ ಪಾಲಕರು ಮತ್ತು ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಈ ಸಭೆ ಆರಂಭವಾಗುವ ಮೊದಲು ಹೊರಗೆ ಹಿರಿಯರೊಬ್ಬರು ನಮ್ಮನ್ನು ತಡೆದು ನಿಲ್ಲಿಸಿ ಒಂದು ಪ್ರಶ್ನೆ ಕೇಳಿದರು. "ಸಾಹೇಬರ, ಈಗ ಕಾಲೇಜೇ ಮೊಬೈಲಿನೊಳಗ ಬಂದೈತಿ. ಹುಡುಗಿನ್ನ ದಿನಾ ಬಸ್ಸಿಗೆ ಯಾಕ ಕಳಸಬೇಕ್ರೀ?" ಅವರ ಧ್ವನಿಯಲ್ಲಿ ವ್ಯಂಗ್ಯವಿರಲಿಲ್ಲ, ಮಗಳ ಓದಿನ ಬಗ್ಗೆ ತಾತ್ಸಾರವೂ ಇರಲಿಲ್ಲ. ಕಾಲ ಬದಲಾಗಿದೆ, ಖರ್ಚು ಹೆಚ್ಚಾಗಿದೆ, ದಾರಿಯ ಭಯವಿದೆ, ಹೀಗಿರುವಾಗ ಸುಲಭದ ದಾರಿಯೊಂದು ತೆರೆದಿದ್ದರೆ ಅದನ್ನು ಏಕೆ ಹಿಡಿಯಬಾರದು ಎಂಬ ತಂದೆಯೊಬ್ಬರ ಪ್ರಾಮಾಣಿಕ ಕಳಕಳಿ ಅದು. ಆದ್ದರಿಂದ ಸಿದ್ಧಪಡಿಸಿಕೊಂಡು ಬಂದಿದ್ದ ಭಾಷಣವನ್ನು ಬದಿಗಿಟ್ಟು, ಆ ಪ್ರಶ್ನೆಗೇ ಉತ್ತರ ಹುಡುಕಲು ಪ್ರಯತ್ನಿಸುತ್ತೇವೆ.

ಮೊದಲಿಗೆ ಈ 'ಮೊಬೈಲಿನೊಳಗಿನ ಕಾಲೇಜು' ಎಂದರೇನೆಂದು ತಿಳಿದುಕೊಳ್ಳೋಣ. ಇದು ಇದ್ದಕ್ಕಿದ್ದಂತೆ ಆಕಾಶದಿಂದ ಉದುರಿದ ವಸ್ತುವಲ್ಲ. 2004ರ ಸೆಪ್ಟೆಂಬರ್ 20ರಂದು ಶ್ರೀಹರಿಕೋಟಾದಿಂದ ಎಜುಸ್ಯಾಟ್ ಎಂಬ ಉಪಗ್ರಹ ಹಾರಿತು. ಶಿಕ್ಷಣಕ್ಕೆಂದೇ ಭಾರತವು ಕಕ್ಷೆಗೆ ಕಳುಹಿಸಿದ ಮೊದಲ ಉಪಗ್ರಹವದು. ಅದರ ಪ್ರಾಯೋಗಿಕ ಹಂತಕ್ಕೆ ದೇಶದಲ್ಲಿ ಆಯ್ಕೆಯಾದ ಮೂರು ವಿಶ್ವವಿದ್ಯಾಲಯಗಳಲ್ಲಿ ನಮ್ಮ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವೂ ಒಂದು. ಸ್ಟುಡಿಯೋದಲ್ಲಿ ಒಬ್ಬ ಪ್ರಾಧ್ಯಾಪಕರು ಪಾಠ ಹೇಳಿದರೆ ರಾಜ್ಯದ ಬೇರೆ ಬೇರೆ ಊರುಗಳ ಇಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು ತಮ್ಮ ತಮ್ಮ ಕಾಲೇಜಿನಲ್ಲೇ ಕುಳಿತು ಪರದೆಯ ಮೇಲೆ ಅದನ್ನು ಆಲಿಸಿದರು. 2010ರಲ್ಲಿ ಆ ಉಪಗ್ರಹದ ಸೇವೆ ಕೊನೆಗೊಂಡಿತು. ಆದರೆ ಒಳ್ಳೆಯ ಅಧ್ಯಾಪಕರ ಪಾಠ ದೊಡ್ಡ ನಗರದ ಸೊತ್ತಾಗಿಯೇ ಉಳಿಯಬೇಕಾಗಿಲ್ಲ ಎಂಬ ವಿಚಾರ ಅಲ್ಲಿಗೆ ನಿಲ್ಲಲಿಲ್ಲ.

2009ರಲ್ಲಿ ಕೇಂದ್ರ ಸರಕಾರವು ಮಾಹಿತಿ ತಂತ್ರಜ್ಞಾನದ ಮೂಲಕ ಶಿಕ್ಷಣ ನೀಡುವ ರಾಷ್ಟ್ರೀಯ ಮಿಷನ್ ಒಂದನ್ನು ಆರಂಭಿಸಿತು. ಅದರ ಅಡಿಯಲ್ಲಿ ರೂಪುಗೊಂಡದ್ದೇ 'ವರ್ಚುವಲ್ ಲ್ಯಾಬ್ಸ್' ಎಂಬ ಯೋಜನೆ. ಹಲವು ಐಐಟಿಗಳೊಂದಿಗೆ ನಮ್ಮ ಸುರತ್ಕಲ್‌ನ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆಯೂ ಇದರಲ್ಲಿ ಪಾಲುದಾರ. ಇಲ್ಲಿ ಪ್ರಯೋಗಾಲಯವೇ ಪರದೆಯ ಮೇಲಿರುತ್ತದೆ. ವಿದ್ಯಾರ್ಥಿನಿಯು ಬ್ಯೂರೆಟ್ಟಿನಿಂದ ಹನಿ ಹನಿಯಾಗಿ ದ್ರಾವಣ ಬಿಡುತ್ತಾಳೆ, ಬಣ್ಣ ತಿರುಗುವುದನ್ನು ಕಾಣುತ್ತಾಳೆ, ಅಳತೆಯನ್ನು ಬರೆದುಕೊಳ್ಳುತ್ತಾಳೆ, ತಪ್ಪಾದರೆ ಮೊದಲಿನಿಂದ ಆರಂಭಿಸುತ್ತಾಳೆ. ಒಂದು ಗಾಜಿನ ನಳಿಗೆಯೂ ಒಡೆಯುವುದಿಲ್ಲ, ಆಮ್ಲ ಕೈಗೆ ತಾಗುವುದಿಲ್ಲ. ಇದಕ್ಕೆ ಶುಲ್ಕವೂ ಇಲ್ಲ. 2003ರಲ್ಲಿ ಆರಂಭವಾದ ಎನ್‌ಪಿಟೆಲ್ ಐಐಟಿಯ ಪಾಠಗಳನ್ನು ಮನೆ ಬಾಗಿಲಿಗೆ ತಂದಿತು. 2017ರಲ್ಲಿ ಉದ್ಘಾಟನೆಯಾದ 'ಸ್ವಯಂ' ವೇದಿಕೆಯು ವಿಜ್ಞಾನ, ವಾಣಿಜ್ಯ, ಮಾನವಿಕ ವಿಷಯಗಳನ್ನೂ ಅದಕ್ಕೆ ಸೇರಿಸಿತು.

ಇದಕ್ಕಿಂತಲೂ ಒಂದು ಹೆಜ್ಜೆ ಮುಂದೆ ಹೋಗಿ, ಗೋಡೆ, ಬಾಗಿಲು, ಅಂಗಳಗಳಿರುವ ಇಡೀ ಕಾಲೇಜನ್ನೇ ಕಂಪ್ಯೂಟರಿನೊಳಗೆ ಕಟ್ಟಿದವರೂ ಇದ್ದಾರೆ. 2003ರಲ್ಲಿ ಅಮೆರಿಕದ ಕಂಪೆನಿಯೊಂದು 'ಸೆಕೆಂಡ್ ಲೈಫ್' ಎಂಬ ವರ್ಚುವಲ್ ಲೋಕವನ್ನು ತೆರೆಯಿತು. ಅಲ್ಲಿ ಪ್ರವೇಶಿಸಿದವನಿಗೆ ಒಂದು ಬೊಂಬೆಯ ರೂಪ ದೊರೆಯುತ್ತದೆ. ಆ ರೂಪದಲ್ಲಿ ಅವನು ನಡೆಯುತ್ತಾನೆ, ಇತರರನ್ನು ಭೇಟಿಯಾಗಿ ಮಾತನಾಡುತ್ತಾನೆ. 2006ರಲ್ಲಿ ಹಾರ್ವರ್ಡ್ ಕಾನೂನು ಶಾಲೆಯ ಒಂದು ಕೋರ್ಸಿನ ಪಾಠವು ಆ ಲೋಕದಲ್ಲೇ ನಡೆಯಿತು. ಜಗತ್ತಿನ ಅನೇಕ ವಿಶ್ವವಿದ್ಯಾಲಯಗಳು ಅಲ್ಲಿ 'ಜಮೀನು' ಪಡೆದು ಕಟ್ಟಡ ಕಟ್ಟಿದವು. ಆದರೆ 2010ರಲ್ಲಿ ಕಂಪೆನಿಯು ಶಿಕ್ಷಣ ಸಂಸ್ಥೆಗಳಿಗೆ ಕೊಡುತ್ತಿದ್ದ ಅರ್ಧ ದರದ ರಿಯಾಯಿತಿಯನ್ನು ನಿಲ್ಲಿಸುವುದಾಗಿ ಪ್ರಕಟಿಸಿತು. ಬಾಡಿಗೆ ಭಾರವಾದುದರಿಂದ ಅನೇಕರು ಗಂಟುಮೂಟೆ ಕಟ್ಟಿದರು. 2013ರಲ್ಲಿ ರಿಯಾಯಿತಿ ಮರಳಿ ಬಂದರೂ ಆ ಹೊತ್ತಿಗೆ ಹಲವು ತರಗತಿಗಳು ಖಾಲಿಯಾಗಿದ್ದವು. ಪರರ ನೆಲದ ಮೇಲೆ ಮನೆ ಕಟ್ಟಿದವನ ಪಾಡು ವರ್ಚುವಲ್ ಲೋಕದಲ್ಲೂ ಅದೇ ಎಂಬುದನ್ನು ಇದು ತೋರಿಸುತ್ತದೆ.

ಸಹೋದರರೇ, ಇದೇ ಲೋಕದ ಇನ್ನೊಂದು ಘಟನೆ ನಮಗೆ ಹೆಚ್ಚು ಹತ್ತಿರವಾದುದು. 2007ರಲ್ಲಿ ಇಸ್ಲಾಮ್ ಆನ್‌ಲೈನ್ ಎಂಬ ಸಂಸ್ಥೆಯು ಸೆಕೆಂಡ್ ಲೈಫ್‌ನಲ್ಲಿ ಹಜ್ಜ್‌ನ ತಾಣಗಳನ್ನು ನಿರ್ಮಿಸಿತು. ಇಹ್ರಾಮ್ ಧರಿಸುವುದು, ತವಾಫ್, ಸಈ, ಅರಫಾದ ತಂಗುವಿಕೆ, ಜಮ್ರಾಗಳಿಗೆ ಕಲ್ಲೆಸೆಯುವುದು ಇವನ್ನೆಲ್ಲ ಕ್ರಮವಾಗಿ ಅಲ್ಲಿ ಅಭ್ಯಾಸ ಮಾಡಬಹುದಾಗಿತ್ತು. ಮೊದಲ ಬಾರಿ ಹೊರಡುವ ಯಾತ್ರಿಕನಿಗೆ ಇದರಿಂದಾದ ಉಪಕಾರ ಸಣ್ಣದಲ್ಲ. ನಮ್ಮಲ್ಲಿ ಹಜ್ಜ್ ತರಬೇತಿ ಶಿಬಿರಗಳಲ್ಲಿ ಕಅಬಾದ ಮಾದರಿಯನ್ನಿಟ್ಟು ಸುತ್ತುವುದನ್ನು ಕಲಿಸುವುದೂ ಇದೇ ಉದ್ದೇಶದಿಂದ. ಆದರೆ ಕಂಪ್ಯೂಟರಿನ ಮುಂದೆ ಕುಳಿತು ಏಳು ಸುತ್ತು ಮುಗಿಸಿದವನನ್ನು ಯಾರಾದರೂ ಹಾಜಿ ಎಂದು ಕರೆದರೇ? 2021ರ ಕೊನೆಯಲ್ಲಿ ಸೌದಿ ಅರೇಬಿಯಾವು ಹಜ್ರುಲ್ ಅಸ್ವದ್‌ನ ವರ್ಚುವಲ್ ದರ್ಶನದ ಕಾರ್ಯಕ್ರಮವನ್ನು ಆರಂಭಿಸಿದಾಗ ಈ ಪ್ರಶ್ನೆ ಮತ್ತೆ ಎದ್ದಿತು. 2022ರಲ್ಲಿ ಟರ್ಕಿಯ ಧಾರ್ಮಿಕ ವ್ಯವಹಾರಗಳ ಸಂಸ್ಥೆಯಾದ ದಿಯಾನೆತ್ ಸ್ಪಷ್ಟವಾಗಿ ಉತ್ತರಿಸಿತು. ನೋಡುವುದಕ್ಕೆ ಅಡ್ಡಿಯಿಲ್ಲ, ಆದರೆ ಅದು ಹಜ್ಜ್ ಆಗಲಾರದು, ಹಜ್ಜ್‌ಗೆ ಆ ಪವಿತ್ರ ನೆಲವನ್ನು ಕಾಲಿನಿಂದ ಮೆಟ್ಟಲೇಬೇಕು ಎಂಬುದು ಅದರ ನಿಲುವಾಗಿತ್ತು.

ನಾವು ಇಂದು ಹೇಳಬೇಕೆಂದಿರುವುದು ಈ ಮಾತಿನಲ್ಲೇ ಅಡಗಿದೆ. ಪರದೆಯ ಮೇಲಿನ ತವಾಫ್ ಯಾತ್ರಿಕನನ್ನು ಮಕ್ಕಾಕ್ಕೆ ಸಿದ್ಧಗೊಳಿಸಿದರೆ ಅದು ಸೇತುವೆ. ಮಕ್ಕಾಕ್ಕೆ ಹೋಗುವ ಸಾಮರ್ಥ್ಯವಿದ್ದವನು ಅದನ್ನೇ ನೆಪ ಮಾಡಿಕೊಂಡು ಮನೆಯಲ್ಲಿ ಉಳಿದರೆ ಅದೇ ಗೋಡೆ. ಪರದೆಯ ಮೇಲಿನ ಕಾಲೇಜಿನ ವಿಚಾರವೂ ಇದಕ್ಕಿಂತ ಬೇರೆಯಲ್ಲ.

ಜ್ಞಾನವನ್ನು ಪಡೆಯುವ ವಿಧಾನಗಳ ಬಗ್ಗೆ ನಮ್ಮ ಪೂರ್ವಿಕ ವಿದ್ವಾಂಸರು ಮಾಡಿದಷ್ಟು ಸೂಕ್ಷ್ಮವಾದ ವಿವೇಚನೆಯನ್ನು ಬೇರೆಡೆ ಕಾಣುವುದು ಕಷ್ಟ. 1245ರಲ್ಲಿ ನಿಧನರಾದ ಇಮಾಮ್ ಇಬ್ನುಸ್ಸಲಾಹ್‌ರವರು ಹದೀಸ್ ಶಾಸ್ತ್ರದ ತಮ್ಮ ಪ್ರಸಿದ್ಧ ಗ್ರಂಥದಲ್ಲಿ ಹದೀಸನ್ನು ಸ್ವೀಕರಿಸುವ ಎಂಟು ವಿಧಾನಗಳನ್ನು ವಿವರಿಸಿದ್ದಾರೆ. ಗುರುವಿನ ಬಾಯಿಯಿಂದ ನೇರವಾಗಿ ಕೇಳುವುದು ಮೊದಲನೆಯದು. ಗುರುವಿನ ಎದುರು ಕುಳಿತು ತಾನು ಓದಿ ಒಪ್ಪಿಸುವುದು ಎರಡನೆಯದು. ದೂರದಲ್ಲಿರುವ ಶಿಷ್ಯನಿಗೆ ಗುರುವು ಪತ್ರ ಬರೆದು ತಿಳಿಸುವ ಮುಕಾತಬವೂ ಆ ಪಟ್ಟಿಯಲ್ಲಿದೆ. ಎಂಟನೆಯದು, ಅಂದರೆ ಕೊನೆಯದು, ವಿಜಾದ. ಗುರುವನ್ನು ಕಾಣದೆ, ಅವರ ಅನುಮತಿಯಿಲ್ಲದೆ, ಎಲ್ಲೋ ದೊರೆತ ಬರಹವನ್ನು ತಾನೇ ಓದಿಕೊಳ್ಳುವುದು. ಅಂಚೆ ಇಲಾಖೆಯೇ ಇಲ್ಲದ ಕಾಲದಲ್ಲಿ ಆ ಮಹನೀಯರು ದೂರಶಿಕ್ಷಣವನ್ನು ತಿರಸ್ಕರಿಸಲಿಲ್ಲ. ಆದರೆ ಪ್ರತಿಯೊಂದಕ್ಕೂ ಅದರ ಸ್ಥಾನವನ್ನು ನಿಗದಿಪಡಿಸಿದರು. ಇಂದು ಅಧ್ಯಾಪಕರೊಂದಿಗೆ ಪ್ರಶ್ನೋತ್ತರಕ್ಕೆ ಅವಕಾಶವಿರುವ ಆನ್‌ಲೈನ್ ತರಗತಿಯು ಮುಕಾತಬದಂತೆ. ಯಾರು ಹೇಳಿದರು, ಯಾವ ಅರ್ಹತೆಯಿಂದ ಹೇಳಿದರು ಎಂಬುದನ್ನೇ ನೋಡದೆ ಬೆರಳು ಸರಿಸುತ್ತಾ ವಿಡಿಯೋಗಳನ್ನು ನುಂಗುವುದು ವಿಜಾದಕ್ಕಿಂತಲೂ ಕೆಳಗಿನದು.

ಒಂದೇ ಒಂದು ಹದೀಸನ್ನು ಅದನ್ನು ಕೇಳಿದವರ ಬಾಯಿಯಿಂದಲೇ ಆಲಿಸಬೇಕೆಂದು ಹಝ್ರತ್ ಜಾಬಿರ್ ಬಿನ್ ಅಬ್ದುಲ್ಲಾಹ್ (ರ) ಒಂಟೆಯೊಂದನ್ನು ಖರೀದಿಸಿ, ಒಂದು ತಿಂಗಳ ಪ್ರಯಾಣ ಮಾಡಿ ಶಾಮ್ ದೇಶಕ್ಕೆ ಹೋದ ವೃತ್ತಾಂತ ನಿಮಗೆಲ್ಲ ತಿಳಿದದ್ದೇ. ಹದೀಸ್ ಅವರಿಗೆ ಇನ್ನೊಬ್ಬರ ಮೂಲಕ ಈಗಾಗಲೇ ತಲುಪಿತ್ತು. ಆದರೂ ಅವರು ಹೊರಟರು. ಪ್ರಯಾಣ ಕೇವಲ ಪುರುಷರಿಗೆ ಮೀಸಲಾಗಿರಲಿಲ್ಲ. ಹನ್ನೊಂದನೆಯ ಶತಮಾನದಲ್ಲಿ ಕರೀಮಾ ಮರ್ವಝಿಯ್ಯ ಎಂಬ ಮಹಿಳೆ ಪವಿತ್ರ ಮಕ್ಕಾದಲ್ಲಿ ಸಹೀಹುಲ್ ಬುಖಾರಿಯನ್ನು ಕಲಿಸುತ್ತಿದ್ದರು. ಬಗ್ದಾದಿನ ಪ್ರಖ್ಯಾತ ವಿದ್ವಾಂಸ ಖತೀಬ್ ಬಗ್ದಾದಿಯವರು ಅವರ ಶಿಷ್ಯರಲ್ಲೊಬ್ಬರು. ಮರ್ವ್ ಎಲ್ಲಿ, ಮಕ್ಕಾ ಎಲ್ಲಿ? ಬಾಗೇವಾಡಿಯಿಂದ ವಿಜಯಪುರಕ್ಕಿರುವ ನಲವತ್ತು ಕಿಲೋಮೀಟರಿಗೆ ಹೆದರುವ ನಾವು ಈ ಚರಿತ್ರೆಯನ್ನು ಮಕ್ಕಳಿಗೆ ಯಾವ ಮುಖದಿಂದ ಹೇಳುತ್ತೇವೆ?

ನಾವು ನಿಂತಿರುವ ಈ ಊರಿಗೂ ಅಂಥದೇ ನೆನಪೊಂದಿದೆ. ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣನವರು ಜನಿಸಿದ್ದು ಇಲ್ಲಿ. ಬಾಲ್ಯದಲ್ಲೇ ಈ ಊರನ್ನು ತೊರೆದು ಕೃಷ್ಣೆ ಮಲಪ್ರಭೆಯರು ಕೂಡುವ ಕೂಡಲಸಂಗಮಕ್ಕೆ ವಿದ್ಯೆಗಾಗಿ ಹೋದರೆಂದು ಪರಂಪರೆ ಹೇಳುತ್ತದೆ. ಮುಂದೆ ಕಲ್ಯಾಣದ ಅನುಭವ ಮಂಟಪದಲ್ಲಿ ಬೇರೆ ಬೇರೆ ಕಸುಬಿನ ಸ್ತ್ರೀಪುರುಷರು ಒಂದೇ ಸಭೆಯಲ್ಲಿ ಎದುರುಬದುರಾಗಿ ಕುಳಿತು ವಿಚಾರ ಮಾಡಿದರು. ಅಲ್ಲಿ ಪ್ರಶ್ನೆಗಳಿಗೆ ದಿಟ್ಟವಾಗಿ ಉತ್ತರಿಸಿದ ಅಕ್ಕಮಹಾದೇವಿಯವರ ಹೆಸರನ್ನೇ ಇಂದು ವಿಜಯಪುರದ ರಾಜ್ಯ ಮಹಿಳಾ ವಿಶ್ವವಿದ್ಯಾಲಯ ಹೊತ್ತಿದೆ. 2003ರಲ್ಲಿ ಆ ವಿಶ್ವವಿದ್ಯಾಲಯ ನಮ್ಮ ಜಿಲ್ಲೆಗೆ ಬಂದದ್ದು ಒಂದು ಭಾಗ್ಯವೇ ಸರಿ. ಮಗಳನ್ನು ಹೆಣ್ಣುಮಕ್ಕಳ ಕಾಲೇಜಿಗೇ ಕಳುಹಿಸುತ್ತೇವೆ ಎನ್ನುವ ತಂದೆತಾಯಿಗಳಿಗೆ ಇದೊಂದು ದೊಡ್ಡ ಅನುಕೂಲ.

ಈಗ ಕೆಲವು ಅಂಕಿಅಂಶಗಳನ್ನು ತಾಳ್ಮೆಯಿಂದ ಕೇಳಬೇಕೆಂದು ವಿನಂತಿ. 2020ರ ಮಾರ್ಚ್‌ನಲ್ಲಿ ಕೊರೋನಾ ಕಾರಣದಿಂದ ಕಾಲೇಜುಗಳ ಬಾಗಿಲು ಮುಚ್ಚಿ, ದೇಶದ ಉನ್ನತ ಶಿಕ್ಷಣವೆಲ್ಲ ಪರದೆಗೆ ವರ್ಗವಾಯಿತು. ಒಂದು ರೀತಿಯಲ್ಲಿ ಇಡೀ ದೇಶವೇ ಪ್ರಯೋಗಾಲಯವಾಯಿತು ಎನ್ನಬಹುದು. ಫಲಿತಾಂಶವೇನು? ಕೇಂದ್ರ ಶಿಕ್ಷಣ ಸಚಿವಾಲಯದ ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆಯ ಪ್ರಕಾರ 2019-20ರಲ್ಲಿ ಉನ್ನತ ಶಿಕ್ಷಣದಲ್ಲಿದ್ದ ಮುಸ್ಲಿಮ್ ವಿದ್ಯಾರ್ಥಿಗಳ ಸಂಖ್ಯೆ ಸುಮಾರು 21 ಲಕ್ಷ. 2020-21ರಲ್ಲಿ ಅದು 19.2 ಲಕ್ಷಕ್ಕೆ ಇಳಿಯಿತು. ದೇಶದ ಒಟ್ಟು ದಾಖಲಾತಿ ಏರಿದ ವರ್ಷದಲ್ಲೇ, ದಲಿತ, ಆದಿವಾಸಿ, ಹಿಂದುಳಿದ ವರ್ಗಗಳ ದಾಖಲಾತಿಯೂ ಏರಿದ ವರ್ಷದಲ್ಲೇ, ನಮ್ಮ ಸಂಖ್ಯೆ ಸುಮಾರು 1.8 ಲಕ್ಷದಷ್ಟು ಕುಸಿಯಿತು. 2011ರ ಜನಗಣತಿಯಂತೆ ದೇಶದ ಜನಸಂಖ್ಯೆಯಲ್ಲಿ ನಮ್ಮ ಪಾಲು ಶೇ. 14.2. ಆ ವರ್ಷ ಉನ್ನತ ಶಿಕ್ಷಣದಲ್ಲಿ ನಮ್ಮ ಪಾಲು ಶೇ. 4.6.

ಈ ಕುಸಿತಕ್ಕೆ ಆನ್‌ಲೈನ್ ತರಗತಿಯೊಂದೇ ಕಾರಣವೆಂದು ನಾವು ಹೇಳುವುದಿಲ್ಲ. ಲಾಕ್‌ಡೌನ್ ನಮ್ಮ ಹೊಟ್ಟೆಯ ಮೇಲೆ ಹೊಡೆಯಿತು. ತಳ್ಳುಗಾಡಿ, ಗ್ಯಾರೇಜು, ಹಣ್ಣಿನ ವ್ಯಾಪಾರ, ಹೊಲಿಗೆ, ಗೌಂಡಿ ಕೆಲಸ ಇವೆಲ್ಲ ನಿಂತವು. ಓದುತ್ತಿದ್ದ ಹುಡುಗ ದುಡಿಯಲು ಹೋದ. ಆದರೆ ಇನ್ನೊಂದು ಸತ್ಯವೂ ಇದೆ. 2017-18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ ಗ್ರಾಮೀಣ ಭಾರತದ ನೂರು ಮನೆಗಳಲ್ಲಿ ಕಂಪ್ಯೂಟರ್ ಇದ್ದದ್ದು ಸುಮಾರು ನಾಲ್ಕರಲ್ಲಿ. ಇಂಟರ್‌ನೆಟ್ ಸೌಲಭ್ಯ ಇದ್ದದ್ದು ಹದಿನೈದರಲ್ಲಿ. ಅಂಥ ದೇಶದಲ್ಲಿ ಕಾಲೇಜು ಪರದೆಗೆ ಹೋದಾಗ ಪರದೆ ಇಲ್ಲದವರು ಹೊರಗುಳಿಯುವುದು ಸಹಜವೇ ತಾನೆ? ಅಂದಿನಿಂದ ಮೊಬೈಲ್ ಹೆಚ್ಚಾಗಿದೆ, ಡಾಟಾ ಅಗ್ಗವಾಗಿದೆ ನಿಜ. ಆದರೆ ಮೊಬೈಲ್ ಯಾರ ಕೈಯಲ್ಲಿದೆ ಎಂಬ ಪ್ರಶ್ನೆ ಉಳಿದೇ ಇದೆ.

ಆ ದಿನಗಳಲ್ಲಿ ನಮ್ಮ ಮನೆಗಳಲ್ಲಿ ನಡೆದದ್ದನ್ನು ನೆನಪಿಸಿಕೊಳ್ಳಿ. ಮನೆಯಲ್ಲಿ ಒಂದೇ ಸ್ಮಾರ್ಟ್‌ಫೋನ್. ತಂದೆ ಹೊರಗೆ ಹೋಗುವಾಗ ಅದು ತಂದೆಯೊಂದಿಗೆ ಹೋಗುತ್ತದೆ. ತಂದೆ ಮನೆಗೆ ಬಂದ ಮೇಲೆ ಅದು ಮಗನ ಕೈಗೆ ಹೋಗುತ್ತದೆ. ಮಗ ಮಲಗಿದ ಮೇಲೆ ಮಗಳಿಗೆ ಸಿಗುತ್ತದೆ, ಅಷ್ಟರಲ್ಲಿ ಪಾಠ ಮುಗಿದು ಚಾರ್ಜೂ ಮುಗಿದಿರುತ್ತದೆ. ಸಿಗ್ನಲ್ ಸಿಗಲೆಂದು ಮಾಳಿಗೆಯ ಮೇಲೆ ಹೋದರೆ 'ನೆರೆಯವರು ಏನೆಂದಾರು' ಎಂಬ ಗದರಿಕೆ. ಪಾಠ ಕೇಳುತ್ತಿರುವಾಗಲೇ 'ರೊಟ್ಟಿ ಬಡಿ ಬಾ' ಎಂಬ ಕರೆ. ಕಾಲೇಜಿನಲ್ಲಿದ್ದಾಗ ಬೆಳಿಗ್ಗೆಯಿಂದ ಸಂಜೆಯವರೆಗೆ ಅವಳು ವಿದ್ಯಾರ್ಥಿನಿ. ಮನೆಯಲ್ಲಿ ಕುಳಿತ ದಿನದಿಂದ ಅವಳು ಮೊದಲು ಮನೆಗೆಲಸದವಳು, ಸಮಯ ಉಳಿದರೆ ವಿದ್ಯಾರ್ಥಿನಿ. ಆ ಸಂದರ್ಭದಲ್ಲಿ ಎಷ್ಟು ಮನೆಗಳಲ್ಲಿ 'ಹೇಗೂ ಕಾಲೇಜಿಲ್ಲ' ಎಂದು ನಿಕಾಹ್ ಮುಗಿಸಲಾಯಿತು ಎಂಬುದನ್ನು ನಿಮ್ಮ ನಿಮ್ಮ ಮೊಹಲ್ಲಾವನ್ನೇ ಕೇಳಿಕೊಳ್ಳಿ.

ಆದರೂ ನಮ್ಮ ಹೆಣ್ಣುಮಕ್ಕಳು ಸೋಲಲಿಲ್ಲ. ಅದೇ ಸಮೀಕ್ಷೆಯ 2021-22ರ ವರದಿಯಲ್ಲಿ ನಮ್ಮ ಸಂಖ್ಯೆ ಮತ್ತೆ ಸುಮಾರು 21 ಲಕ್ಷಕ್ಕೆ ಏರಿದೆ. ಅದರಲ್ಲಿ 10.5 ಲಕ್ಷ, ಅಂದರೆ ಸರಿಸುಮಾರು ಅರ್ಧದಷ್ಟು, ಹೆಣ್ಣುಮಕ್ಕಳು. ಬಾಗಿಲು ತೆರೆದೊಡನೆ ಅವರು ಮರಳಿ ಬಂದರು. ಓದುವ ಹಂಬಲ ಅವರಲ್ಲಿದೆ. ಬಾಗಿಲು ತೆರೆಯುವ ಮನಸ್ಸು ನಮ್ಮಲ್ಲಿರಬೇಕು.

ಬಾಗಿಲು ಮುಚ್ಚುವವರು ನಾವು ಮಾತ್ರವಲ್ಲ ಎಂಬುದನ್ನೂ ಹೇಳಲೇಬೇಕು. 2022ರ ಫೆಬ್ರವರಿ 5ರ ಸರಕಾರಿ ಆದೇಶ, ಮಾರ್ಚ್ 15ರ ಹೈಕೋರ್ಟ್ ತೀರ್ಪು, ಅಕ್ಟೋಬರ್ 13ರ ಸುಪ್ರೀಂ ಕೋರ್ಟಿನ ಭಿನ್ನ ತೀರ್ಪು, ಇವನ್ನು ನಮ್ಮ ಹೆಣ್ಣುಮಕ್ಕಳು ಮರೆಯಲಾರರು. ತಲೆಯ ಮೇಲಿನ ಒಂದು ಮೊಳ ಬಟ್ಟೆಯ ಕಾರಣಕ್ಕೆ ಗೇಟಿನ ಹೊರಗೆ ನಿಂತವರಿಗೆ ಆಗ 'ಆನ್‌ಲೈನ್‌ನಲ್ಲಿ ಪಾಠ ಕೇಳಲಿ' ಎಂಬ ಸಲಹೆಯೂ ಕೇಳಿ ಬಂದಿತ್ತು. ಕೇಳಲು ಎಷ್ಟು ಮೃದುವಾದ ಮಾತು! ಆದರೆ ಅದರ ಅರ್ಥವೇನು? ನಿನ್ನ ಸಹಪಾಠಿಗಳೊಂದಿಗೆ ಬೆಂಚಿನ ಮೇಲೆ ಕುಳಿತುಕೊಳ್ಳುವ ಹಕ್ಕು ನಿನಗಿಲ್ಲ, ಕಿಟಕಿಯಿಂದ ಇಣುಕಿ ನೋಡು ಎಂದಲ್ಲವೇ? ಒಂದು ಬಹುಧರ್ಮೀಯ ಸಮಾಜದಲ್ಲಿ ಕಾಲೇಜು ಎಂಬುದು ಕೇವಲ ಪಾಠ ಕೇಳುವ ಜಾಗವಲ್ಲ. ಲಿಂಗಾಯತರ ಹುಡುಗಿ, ದಲಿತರ ಹುಡುಗಿ, ಮುಸ್ಲಿಮರ ಹುಡುಗಿ ಒಂದೇ ಡಬ್ಬಿಯ ರೊಟ್ಟಿ ಹಂಚಿಕೊಂಡು ಪರಸ್ಪರರನ್ನು ಮನುಷ್ಯರೆಂದು ಅರಿತುಕೊಳ್ಳುವ ಜಾಗ ಅದು. ಆ ಪಾಠವನ್ನು ಕಲಿಸುವ ಸಾಫ್ಟ್‌ವೇರ್ ಇನ್ನೂ ತಯಾರಾಗಿಲ್ಲ.

2022ರ ಫೆಬ್ರವರಿಯ ಕೇಂದ್ರ ಬಜೆಟ್ಟಿನಲ್ಲಿ ಡಿಜಿಟಲ್ ವಿಶ್ವವಿದ್ಯಾಲಯವೊಂದರ ಘೋಷಣೆಯಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಅಲ್ಪಸಂಖ್ಯಾತ ಸಂಶೋಧನಾ ವಿದ್ಯಾರ್ಥಿಗಳಿಗೆ ದೊರೆಯುತ್ತಿದ್ದ ಮೌಲಾನಾ ಆಝಾದ್ ಫೆಲೋಶಿಪ್ಪನ್ನು ನಿಲ್ಲಿಸಲಾಗಿದೆಯೆಂದು ಲೋಕಸಭೆಗೆ ತಿಳಿಸಲಾಯಿತು. ಪರದೆಯನ್ನು ವಿಸ್ತರಿಸಿ ಕೈಯಾಸರೆಯನ್ನು ಕಿತ್ತುಕೊಳ್ಳುವ ನೀತಿಯಿದು. ಪ್ರಯೋಗಾಲಯವಿಲ್ಲದ ಕಾಲೇಜಿಗೆ ವರ್ಚುವಲ್ ಲ್ಯಾಬ್‌ನ ವಿಳಾಸ ಕೊಟ್ಟು, ಉಪನ್ಯಾಸಕರಿಲ್ಲದ ತರಗತಿಗೆ ವಿಡಿಯೋದ ಕೊಂಡಿ ಕೊಟ್ಟು ಸರಕಾರಗಳು ಕೈ ತೊಳೆದುಕೊಳ್ಳುವುದನ್ನು ಯಾವ ಪಕ್ಷದ ಆಡಳಿತದಲ್ಲೂ ನಾವು ಒಪ್ಪಬಾರದು. ಈ ಮಾತು ಮುಸ್ಲಿಮರಿಗಾಗಿ ಮಾತ್ರವಲ್ಲ. ಇಂಡಿ, ಸಿಂದಗಿ, ಮುದ್ದೇಬಿಹಾಳದ ಪ್ರತಿಯೊಬ್ಬ ಬಡವನ ಮಗುವಿಗಾಗಿ ಈ ಮಾತು.

ಹಾಗಾದರೆ ಪರದೆಯ ಕಾಲೇಜನ್ನು ತಿರಸ್ಕರಿಸಬೇಕೇ? ಖಂಡಿತವಾಗಿಯೂ ಇಲ್ಲ. ಹೊಸದನ್ನೆಲ್ಲ ಅನುಮಾನಿಸಿ ಮುದ್ರಣ ಯಂತ್ರದಿಂದ ಇಂಗ್ಲಿಷ್ ಶಿಕ್ಷಣದವರೆಗೆ ಪ್ರತಿಯೊಂದಕ್ಕೂ ತಡವಾಗಿ ತಲುಪಿದ ತಪ್ಪಿಗೆ ನಾವು ಈಗಾಗಲೇ ಸಾಕಷ್ಟು ಬೆಲೆ ತೆತ್ತಿದ್ದೇವೆ. ಇಲ್ಲಿಗೆ ಸಮೀಪದ ಕೂಡಗಿಯಲ್ಲಿ 2400 ಮೆಗಾವಾಟ್ ಸಾಮರ್ಥ್ಯದ ಎನ್‌ಟಿಪಿಸಿ ಉಷ್ಣ ವಿದ್ಯುತ್ ಸ್ಥಾವರವಿದೆ. ಇಂತಹ ಸ್ಥಾವರಗಳನ್ನು ನಡೆಸುವ ಇಂಜಿನಿಯರರಿಗೆ ನೇರವಾಗಿ ಯಂತ್ರವನ್ನು ಒಪ್ಪಿಸುವುದಿಲ್ಲ. ನಿಯಂತ್ರಣ ಕೊಠಡಿಯನ್ನೇ ಹೋಲುವ ಸಿಮ್ಯುಲೇಟರಿನಲ್ಲಿ ಅವರಿಗೆ ತರಬೇತಿ ನೀಡಲಾಗುತ್ತದೆ. ಅಲ್ಲಿ ಕೃತಕವಾಗಿ ಅಪಾಯವನ್ನು ಸೃಷ್ಟಿಸಿ ಅವರ ಕೈ, ಕಣ್ಣು, ಬುದ್ಧಿಗಳನ್ನು ಪಳಗಿಸುತ್ತಾರೆ. ವಿಮಾನದ ಪೈಲಟ್‌ಗಳೂ ಹಾಗೆಯೇ. ವೈದ್ಯಕೀಯ ಕಾಲೇಜುಗಳಲ್ಲಿ 2019ರಿಂದ ಜಾರಿಗೆ ಬಂದ ಹೊಸ ಪಠ್ಯಕ್ರಮವು ಕೌಶಲ ಪ್ರಯೋಗಾಲಯವನ್ನು ಕಡ್ಡಾಯಗೊಳಿಸಿದ್ದು ಇದೇ ಕಾರಣಕ್ಕೆ. ರೋಗಿಯ ತೋಳಿಗೆ ಸೂಜಿ ಚುಚ್ಚುವ ಮೊದಲು ಬೊಂಬೆಯ ತೋಳಿನ ಮೇಲೆ ನೂರು ಬಾರಿ ಚುಚ್ಚಿ ಕಲಿಯಲಿ ಎಂಬ ಉದ್ದೇಶ. ಆದರೆ ಬೊಂಬೆಗೆ ಮಾತ್ರ ಸೂಜಿ ಚುಚ್ಚಿದವನನ್ನು ಯಾರೂ ವೈದ್ಯನೆಂದು ಒಪ್ಪುವುದಿಲ್ಲ.

ಸಂಕೋಚದ ವಿದ್ಯಾರ್ಥಿಗೆ ಈ ಲೋಕದಲ್ಲಿ ಒಂದು ದೊಡ್ಡ ವರವಿದೆ. ತಪ್ಪು ಮಾಡಿದರೆ ಇಲ್ಲಿ ಯಾರೂ ನಗುವುದಿಲ್ಲ. ಉರ್ದು ಅಥವಾ ಕನ್ನಡ ಮಾಧ್ಯಮದಿಂದ ಬಂದು ಇಂಗ್ಲಿಷ್ ಪಾಠಕ್ಕೆ ಕಂಗಾಲಾದವನು ಅದೇ ಪಾಠವನ್ನು ಹತ್ತು ಬಾರಿ ನಿಲ್ಲಿಸಿ ಕೇಳಬಹುದು. ಪ್ರಾಕ್ಟಿಕಲ್ ತರಗತಿಯಲ್ಲಿ ಒಂದು ಉಪಕರಣಕ್ಕೆ ಎಂಟು ವಿದ್ಯಾರ್ಥಿಗಳಿದ್ದರೆ ಹಿಂದೆ ನಿಂತ ಹುಡುಗಿಯ ಕೈಗೆ ಅದು ತಾಗುವುದೇ ಇಲ್ಲ. ಅವಳು ಹಿಂದಿನ ರಾತ್ರಿ ವರ್ಚುವಲ್ ಲ್ಯಾಬ್‌ನಲ್ಲಿ ಅದೇ ಪ್ರಯೋಗವನ್ನು ಮಾಡಿ ಬಂದಿದ್ದರೆ ಮರುದಿನ ಮುಂದೆ ಬಂದು ನಿಲ್ಲುವ ಧೈರ್ಯ ಅವಳಿಗೆ ಬರುತ್ತದೆ. ನಡೆಯಲಾರದ ವಿಕಲಚೇತನನಿಗೆ, ಎಳೆಗೂಸಿನ ತಾಯಿಗೆ, ಹಗಲು ಗ್ಯಾರೇಜಿನಲ್ಲಿ ದುಡಿಯುವ ಯುವಕನಿಗೆ, ಎಂದೋ ಓದು ಬಿಟ್ಟ ನಲವತ್ತರ ಗೃಹಿಣಿಗೆ ಈ ಪರದೆಯೇ ಕಾಲೇಜಿನ ಬಾಗಿಲಾಗಬಹುದು. ಅವರಿಗೆ ನಾವು ಪ್ರೋತ್ಸಾಹ ನೀಡಬೇಕು.

ಆದರೆ ಈ ಬಾಗಿಲಿನಲ್ಲಿ ವಂಚಕರೂ ನಿಂತಿದ್ದಾರೆ. ಆದ್ದರಿಂದ ಪ್ರತಿಯೊಬ್ಬ ಪಾಲಕರೂ ಮೂರು ನಿಯಮಗಳನ್ನು ತಿಳಿದಿರಬೇಕು. ಒಂದು, 2020ರ ಯುಜಿಸಿ ನಿಯಮಾವಳಿಯು ಇಂಜಿನಿಯರಿಂಗ್, ವೈದ್ಯಕೀಯ, ದಂತವೈದ್ಯ, ನರ್ಸಿಂಗ್, ಫಾರ್ಮಸಿ, ಫಿಸಿಯೋಥೆರಪಿಯಂತಹ ಪದವಿಗಳನ್ನು ದೂರಶಿಕ್ಷಣ ಅಥವಾ ಆನ್‌ಲೈನ್ ಮೂಲಕ ನೀಡುವುದನ್ನು ನಿಷೇಧಿಸಿತು. 'ಮನೆಯಲ್ಲೇ ಕುಳಿತು ನರ್ಸಿಂಗ್' ಎಂಬ ಕರಪತ್ರ ನಿಮ್ಮ ಕೈಗೆ ಬಂದರೆ ಹಣ ಕೊಡುವ ಮೊದಲು ಇದನ್ನು ನೆನಪಿಸಿಕೊಳ್ಳಿ. ಎರಡು, ಬಿ.ಎ., ಬಿ.ಕಾಂ., ಎಂ.ಎ.ಯಂತಹ ಪದವಿಗಳನ್ನು ಮಾನ್ಯತೆ ಪಡೆದ ಸಂಸ್ಥೆಯಿಂದ ದೂರಶಿಕ್ಷಣದಲ್ಲಿ ಪಡೆದರೆ ಅವು ಸಾಮಾನ್ಯ ಪದವಿಗೆ ಸಮಾನವೆಂದು 2022ರಲ್ಲಿ ಯುಜಿಸಿ ಸ್ಪಷ್ಟಪಡಿಸಿತು. ಆದರೆ ಮಾನ್ಯತೆ ಇದೆಯೇ ಎಂಬುದನ್ನು ಪ್ರತಿ ವರ್ಷವೂ, ಪ್ರತಿ ಕೋರ್ಸಿಗೂ ಯುಜಿಸಿಯ ದೂರಶಿಕ್ಷಣ ಬ್ಯೂರೋದ ಪಟ್ಟಿಯಲ್ಲಿ ನೋಡಿಕೊಳ್ಳಬೇಕು. 1996ರಲ್ಲಿ ಸ್ಥಾಪನೆಯಾದ ನಮ್ಮ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವೇ ಕೆಲವು ವರ್ಷ ಮಾನ್ಯತೆ ಕಳೆದುಕೊಂಡು 2018ರಲ್ಲಿ ಅದನ್ನು ಮರಳಿ ಪಡೆಯಿತು. ಆ ಅವಧಿಯ ವಿದ್ಯಾರ್ಥಿಗಳು ಪಟ್ಟ ಪಾಡು ಎಲ್ಲರಿಗೂ ತಿಳಿದದ್ದು. ಉರ್ದು ಮಾಧ್ಯಮದವರಿಗೆ 1998ರಲ್ಲಿ ಹೈದರಾಬಾದಿನಲ್ಲಿ ಸ್ಥಾಪನೆಯಾದ ಮೌಲಾನಾ ಆಝಾದ್ ರಾಷ್ಟ್ರೀಯ ಉರ್ದು ವಿಶ್ವವಿದ್ಯಾಲಯದ ದೂರಶಿಕ್ಷಣವೂ ಒಂದು ದಾರಿ. ಮೂರು, ಕಾಲೇಜಿಗೆ ಹೋಗುತ್ತಿರುವ ವಿದ್ಯಾರ್ಥಿಯೂ 'ಸ್ವಯಂ' ಕೋರ್ಸುಗಳನ್ನು ಮಾಡಿ ಅದರ ಅಂಕಗಳನ್ನು ತನ್ನ ಪದವಿಗೆ ಸೇರಿಸಿಕೊಳ್ಳಲು ಅವಕಾಶವಿದೆ. 2021ರ ನಿಯಮವು ಒಂದು ಸೆಮಿಸ್ಟರಿನ ಶೇ. 40ರವರೆಗಿನ ಕೋರ್ಸುಗಳಿಗೆ ಇದನ್ನು ವಿಸ್ತರಿಸಿತು. ನಿಮ್ಮ ಕಾಲೇಜು ಇದನ್ನು ಒಪ್ಪಿದೆಯೇ ಎಂದು ಪ್ರಾಂಶುಪಾಲರನ್ನು ಕೇಳಿ ತಿಳಿದುಕೊಳ್ಳಿ.

ಕೊನೆಯದಾಗಿ, ಈ ಸಭೆಯಿಂದ ಏಳುವ ಮೊದಲು ನಾವು ನಾಲ್ಕು ಸಂಕಲ್ಪಗಳನ್ನು ಮಾಡಿಕೊಳ್ಳೋಣ. ಮನೆಯಲ್ಲಿ ಮೊಬೈಲ್ ಇದ್ದರೆ ಓದಿನ ಹೊತ್ತಿನಲ್ಲಿ ಮಗಳಿಗೂ ಮಗನಷ್ಟೇ ಪಾಲಿರಲಿ. ಆ ಹೊತ್ತಿನಲ್ಲಿ ಅವಳನ್ನು ಒಲೆಯ ಬಳಿಗೆ ಕರೆಯದಿರೋಣ. ಜಮಾಅತ್‌ಗಳು ಮಸೀದಿಯ ಬಳಿಯ ಒಂದು ಕೋಣೆಯಲ್ಲಿ ನಾಲ್ಕೈದು ಕಂಪ್ಯೂಟರ್ ಇಟ್ಟು ಓದುವ ಕೇಂದ್ರ ತೆರೆಯಲಿ. ಹೆಣ್ಣುಮಕ್ಕಳಿಗೆ ಪ್ರತ್ಯೇಕ ಸಮಯ ನಿಗದಿಯಾಗಲಿ. ಅದರ ಬಾಗಿಲು ನೆರೆಯ ಹಿಂದೂ ಸಹೋದರರ ಮಕ್ಕಳಿಗೂ ತೆರೆದಿರಲಿ. ಒಂದು ಮದುವೆಯ ಬಿರಿಯಾನಿಯ ಖರ್ಚಿನಲ್ಲಿ ಇದು ಸಾಧ್ಯ. ಓದಿ ಮುಂದೆ ಬಂದವರು ವಾರಕ್ಕೊಂದು ಗಂಟೆ ಅಲ್ಲಿ ಕುಳಿತು ಮಕ್ಕಳಿಗೆ ದಾರಿ ತೋರಿಸಲಿ, ಏಕೆಂದರೆ ಗುರುವಿಲ್ಲದ ಪರದೆ ಕೇವಲ ವಿಜಾದ. ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ 'ಅರಿವು' ಸಾಲದಂತಹ ಯೋಜನೆಗಳ ಅರ್ಜಿ ತುಂಬಲೂ ಅದೇ ಕೇಂದ್ರ ನೆರವಾಗಲಿ. ನಾಲ್ಕನೆಯದು, ನಮ್ಮ ತಾಲೂಕುಗಳ ಕಾಲೇಜುಗಳಿಗೆ ನಿಜವಾದ ಪ್ರಯೋಗಾಲಯ, ಕಾಯಂ ಉಪನ್ಯಾಸಕರು, ಹುಡುಗಿಯರ ಹಾಸ್ಟೆಲ್ ಮತ್ತು ಹೊತ್ತಿಗೆ ಸರಿಯಾಗಿ ಬರುವ ಬಸ್ಸು ಬೇಕೆಂದು ಎಲ್ಲ ಸಮುದಾಯಗಳವರೊಂದಿಗೆ ಸೇರಿ ಶಾಸಕರ ಮನೆಯ ಬಾಗಿಲು ತಟ್ಟೋಣ.

ಆ ಹಿರಿಯರು ಈಗಲೂ ಮುಂದಿನ ಸಾಲಿನಲ್ಲಿ ಕುಳಿತಿದ್ದಾರೆ. ಅವರಿಗೆ ನಮ್ಮ ಉತ್ತರ ಇಷ್ಟೇ. ಭಾಯಿ ಸಾಹೇಬರೇ, ಮೊಬೈಲಿನೊಳಗೆ ಬಂದಿರುವುದು ಕಾಲೇಜಿಗೆ ಹೋಗುವ ದಾರಿ. ಮಗಳಿಗೆ ಆ ದಾರಿಯನ್ನೂ ತೋರಿಸಿ, ಬಸ್ಸನ್ನೂ ಹತ್ತಿಸಿ. ನಮ್ಮ ಪ್ರವಾದಿಯವರಿಗೆ (ಸ) ಬಂದ ಮೊತ್ತಮೊದಲ ದಿವ್ಯ ಆದೇಶ ಓದಬೇಕೆಂಬುದಾಗಿತ್ತು. ಆ ಆದೇಶದಲ್ಲಿ ಗಂಡುಮಕ್ಕಳು ಮಾತ್ರ ಎಂಬ ಷರತ್ತು ಇರಲಿಲ್ಲ, ಮನೆಯೊಳಗೆ ಮಾತ್ರ ಎಂಬ ಷರತ್ತೂ ಇರಲಿಲ್ಲ.

ಅಲ್ಲಾಹನು ನಮ್ಮ ಮಕ್ಕಳಿಗೆ ಉಪಯುಕ್ತವಾದ ಜ್ಞಾನವನ್ನೂ, ನಮಗೆ ಅವರ ದಾರಿಗೆ ಅಡ್ಡ ನಿಲ್ಲದಿರುವ ವಿವೇಕವನ್ನೂ ಕರುಣಿಸಲಿ. ಆಮೀನ್. ವಸ್ಸಲಾಮ್.